ಹತ್ತು ಗ್ರಾಮಿನ ಹಠ

ಕ್ರ್ಯಾಂಕ್‌ಶಾಫ್ಟಿನ ನಡುವಿನಿಂದ ಐದು ಸೆಂಟಿಮೀಟರ್ ದೂರದಲ್ಲಿ ಹತ್ತು ಗ್ರಾಂ ಹೆಚ್ಚಿದ್ದರೆ, ಎಂಜಿನ್ ನಿಂತಿರುವಾಗ ಅದರ ಸುದ್ದಿಯೇ ಇರುವುದಿಲ್ಲ. ನಿಮಿಷಕ್ಕೆ 3000 ಸುತ್ತು ತಿರುಗುವಾಗ ಅದೇ ಹತ್ತು ಗ್ರಾಂ ಐದು ಕಿಲೋ ಭಾರದಷ್ಟು ಜಗ್ಗುತ್ತದೆ. 6000ಕ್ಕೆ ಇಪ್ಪತ್ತು ಕಿಲೋ. ವೇಗ ಎರಡರಷ್ಟಾದರೆ ಜಗ್ಗಾಟ ನಾಲ್ಕರಷ್ಟು. ಮಾರ್ಕೆಟ್ಟಿಗೆ ಹೋಗಿಬರುವ ಕಾರು ಇದನ್ನು ಹೇಗೋ ನುಂಗಿಕೊಳ್ಳುತ್ತದೆ. ರೇಸಿಗೆಂದು ಕಟ್ಟಿದ ಎಂಜಿನ್ನು ಬೇರಿಂಗುಗಳನ್ನು ತಿಂದು ಸೇಡು ತೀರಿಸಿಕೊಳ್ಳುತ್ತದೆ.

ಹಾಗಾಗಿ ಅಮೆರಿಕದ ವಿ8 ಕಟ್ಟುವವರು ಸ್ಪ್ಯಾನರಿಗಿಂತ ಮೊದಲು ತಕ್ಕಡಿ ಹಿಡಿಯುತ್ತಾರೆ. ಎಂಟು ಪಿಸ್ಟನ್ ತೂಗಿ, ಅತಿ ಹಗುರಾದುದರ ಮಟ್ಟಕ್ಕೆ ಉಳಿದ ಏಳನ್ನೂ ಕೆರೆದು ಇಳಿಸುತ್ತಾರೆ; ಈ ಮನೆಯಲ್ಲಿ ಬಡಕಲನೇ ಮಾದರಿ ಮಗ. ಕನೆಕ್ಟಿಂಗ್ ರಾಡಿನ ಎರಡು ತುದಿಗಳಿಗೂ ಬೇರೆಬೇರೆ ತೂಕ. ದೊಡ್ಡ ತುದಿ ಕ್ರ್ಯಾಂಕಿನೊಂದಿಗೆ ಸುತ್ತುತ್ತದೆ, ಚಿಕ್ಕದು ಪಿಸ್ಟನ್ನಿನೊಂದಿಗೆ ಮೇಲೆ ಕೆಳಗೆ ಓಡಾಡುತ್ತದೆ. ತೊಂಬತ್ತು ಡಿಗ್ರಿಯ ವಿ8ರಲ್ಲಿ ಸುತ್ತುವುದನ್ನು ಪೂರ್ತಿ, ಓಡಾಡುವುದನ್ನು ಅರ್ಧ ಹಿಡಿದು ಕೂಡಿದರೆ ಸಿಗುವುದೇ ಬಾಬ್‌ವೇಟ್. ಅಷ್ಟು ತೂಕವನ್ನು ಕ್ರ್ಯಾಂಕಿನ ನಾಲ್ಕೂ ಪಿನ್ನುಗಳಿಗೆ ಬಿಗಿದು ಯಂತ್ರದಲ್ಲಿ ತಿರುಗಿಸಿದರೆ ಯಾವ ಕಡೆ ಎಷ್ಟು ಭಾರ ಎಂದು ತಿಳಿಯುತ್ತದೆ. ಅರ್ಧ ಗ್ರಾಮಿಗೂ ಜಗಳ ಕಾಯುವ ಈ ಲೆಕ್ಕದ ಚೀಟಿಯಲ್ಲಿ ಎಣ್ಣೆಗೆಂದು ಒಂದು ಸಾಲಿರುತ್ತದೆ: ಕೆಲವು ಗ್ರಾಂ, ಅಂದಾಜಿಗೆ!

ಭಾರ ಹೆಚ್ಚಾದರೆ ಕ್ರ್ಯಾಂಕಿನ ಪ್ರತಿಭಾರಕ್ಕೆ, ಅಂದರೆ ಕೌಂಟರ್‌ವೇಟಿಗೆ, ರಂಧ್ರ ಕೊರೆದರಾಯಿತು. ಕಡಿಮೆ ಬಿದ್ದರೆ ಎಲ್ಲಿ ಸೇರಿಸಬೇಕು ಎಂಬುದೇ ತಲೆನೋವು. ಅಗ್ಗದ ದಾರಿ ಹೊರಗಿನದು: ಮುಂದಿನ ಡ್ಯಾಂಪರಿಗೂ ಹಿಂದಿನ ಫ್ಲೈವೀಲಿಗೂ ಬೇಕೆಂದೇ ಒಂದು ಪಕ್ಕ ಭಾರ ಕೊಡುವುದು. ಷೆವ್ರೊಲೆಯ ಹಳೆಯ 350 ಘನ ಇಂಚಿನ ಎಂಜಿನ್ ಒಳಗೇ ಸಮತೂಕ ಕಂಡುಕೊಂಡಿತ್ತು. ಅದರಣ್ಣ 400ಕ್ಕೆ ಸ್ಟ್ರೋಕ್ ಉದ್ದವಾಗಿ, ಒಳಗೆ ಜಾಗ ಸಾಲದೆ, ಭಾರ ಹೊರಗೆ ಬಂತು. ಆದರೆ ಎರಡು ತುದಿಯಲ್ಲಿ ಜೋತ ಭಾರ ವೇಗ ಏರಿದಂತೆ ಶಾಫ್ಟನ್ನೇ ಬಾಗಿಸುತ್ತದೆ. ಫೋರ್ಡಿನ 302ರ ಕಥೆ ಇನ್ನೂ ಸೊಗಸು. ಹಳೆಯದಕ್ಕೆ ಒಂದು ಪಕ್ಕ 28 ಔನ್ಸ್-ಇಂಚು ಭಾರದ ಫ್ಲೈವೀಲು, 1980ರ ದಶಕದ ಆರಂಭದಿಂದ 50ರದು. ಅದಲುಬದಲಾದರೂ ಬೋಲ್ಟುಗಳು ತಕರಾರಿಲ್ಲದೆ ಕೂರುತ್ತವೆ. 3000 ಸುತ್ತಿಗೆ ಸುಮಾರು 160 ಕಿಲೋ ಜಗ್ಗಾಟ ಶುರುವಾದಾಗ ಕಾರಿನ ಕನ್ನಡಿಯೇ ಮೊದಲು ದೂರು ಕೊಡುತ್ತದೆ.

ಒಳಗಿನ ದಾರಿಗೆ ಬೇಕಾದುದು ಟಂಗ್‌ಸ್ಟನ್ ಮಿಶ್ರಲೋಹ. ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಭಾರ, ಬೆಲೆಯಲ್ಲಂತೂ ಹೋಲಿಕೆಯೇ ಇಲ್ಲ. ಕೌಂಟರ್‌ವೇಟಿನಲ್ಲಿ ಶಾಫ್ಟಿಗೆ ಸಮಾನಾಂತರವಾಗಿ ರಂಧ್ರ ಕೊರೆದು ಅದರ ತುಂಡನ್ನು ಬಿಗಿಯಾಗಿ ಕೂರಿಸುತ್ತಾರೆ. ಅಂಚಿನಿಂದ ಕೊರೆದು ತುರುಕಿದರೆ ಎಂಜಿನ್ ಅದನ್ನು ಗುಂಡಿನಂತೆ ಹಾರಿಸಲು ನೋಡುತ್ತದೆ. ಸಮಾನಾಂತರವಾಗಿ ಕೊರೆದರೆ ತುಂಡಿನ ಸುತ್ತಲೂ ಉಕ್ಕಿನ ಗೋಡೆ.

ಸದಾ 6000 ದಾಟಿಸುವವರು ದುಡ್ಡು ಸುರಿದು ಒಳಗಿನದನ್ನೇ ಮಾಡಿಸುವುದು ಲೇಸು. ರಸ್ತೆಯ ಕಾರಿಗೆ ಹೊರಗಿನದು ಧಾರಾಳ ಸಾಕು. ಷರತ್ತು ಎರಡೇ: ಡ್ಯಾಂಪರು, ಫ್ಲೈವೀಲು ಎರಡನ್ನೂ ಕ್ರ್ಯಾಂಕಿನ ಜೊತೆಗೇ ಕೊಟ್ಟು ಸಮತೂಕ ಮಾಡಿಸಬೇಕು, ಮುಂದೆಂದಾದರೂ ಹೊಸ ಫ್ಲೈವೀಲು ಕೊಂಡರೆ ಅದನ್ನು ಹಳೆಯದರ ಭಾರಕ್ಕೆ ಹೊಂದಿಸುವ ತನಕ ಹಳೆಯದನ್ನು ಗುಜರಿಗೆ ಹಾಕಬಾರದು.