ನೊರೆರಾಯ

ನೊರೆರಾಯನಿಗೆ ಬಾಯಾರುವುದಿಲ್ಲ. ಬಾಯಾರಿಕೆಗೆಂದು ಬಿಯರ್ ಕುಡಿಯುವವರನ್ನು ಕಂಡರೆ ಅವನಿಗೆ ಅಪಾರ ಕನಿಕರ. ಏಪ್ರಿಲ್ ತಿಂಗಳ ಇಳಿಹೊತ್ತಿನಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಬೆಂದು ಬಂದ ಗೆಳೆಯನೊಬ್ಬ ತಣ್ಣನೆಯ ಮಗ್ಗನ್ನು ಒಂದೇ ಉಸಿರಿಗೆ ಅರ್ಧ ಇಳಿಸಿ ‘ಅಬ್ಬಾ’ ಎಂದರೆ, ನೊರೆರಾಯ ಕಣ್ಣು ಮುಚ್ಚಿಕೊಳ್ಳುತ್ತಾನೆ.

‘ಏನು ಬಂತು ಹೇಳು?’

‘ತಂಪು ಬಂತು ಮಾರಾಯ.’

ಅಲ್ಲಿಗೆ ಮುಂದಿನ ಟೇಸ್ಟಿಂಗ್ ಪಟ್ಟಿಯಿಂದ ಆ ಗೆಳೆಯನ ಹೆಸರು ಬಿದ್ದುಹೋಯಿತು ಎಂದೇ ಲೆಕ್ಕ.

ಹೆಸರು ನಾವಿಟ್ಟದ್ದು. ಆಧಾರ್ ಕಾರ್ಡಿನಲ್ಲಿ ಬೇರೇನೋ ಇರಬೇಕು. ಬೆಂಗಳೂರಿನ ಯಾವ ಟೆಕ್ ಪಾರ್ಕಿಗೆ ಹೋದರೂ ಮಹಡಿಗೊಬ್ಬನಂತೆ ಇವನು ಸಿಗುತ್ತಾನೆ. ವಯಸ್ಸು ನಲವತ್ತರ ಆಚೀಚೆ. ಗಡ್ಡ ಕಡ್ಡಾಯ. ಟೀ ಶರ್ಟಿನ ಎದೆಯ ಮೇಲೆ ಅವನು ನೋಡಿಯೇ ಇಲ್ಲದ ಊರಿನ ಬ್ರೂವರಿಯೊಂದರ ಮುದ್ರೆ. ಫೋನಿನಲ್ಲಿ ಅನ್‌ಟ್ಯಾಪ್ಡ್ ಎಂಬ ಆ್ಯಪ್. ಕುಡಿದ ಪ್ರತಿ ಬಿಯರನ್ನೂ ಅದರಲ್ಲಿ ದಾಖಲಿಸಿ ಐದಕ್ಕೆ ಇಷ್ಟು ಎಂದು ಅಂಕ ಕೊಡಬೇಕು. ಅವನ ಅಂಕ ಮೂರೂ ಮುಕ್ಕಾಲು ದಾಟಿದ್ದನ್ನು ಯಾರೂ ಕಂಡಿಲ್ಲ. ಎಸ್ಸೆಸ್ಸೆಲ್ಸಿ ಪೇಪರು ತಿದ್ದಲು ಇಂಥವರನ್ನು ಕೂರಿಸಿದರೆ ರಾಜ್ಯದ ಫಲಿತಾಂಶ ಎಲ್ಲಿಗೆ ಬಂದು ನಿಲ್ಲುತ್ತಿತ್ತೋ.

ಗುರುವಾರ ಸಂಜೆ ವಾಟ್ಸ್ಯಾಪಿನಲ್ಲಿ ಅವನ ಬುಲೆಟಿನ್ ಬರುತ್ತದೆ. ‘ಶನಿವಾರ ಹನ್ನೆರಡಕ್ಕೆ ಹೊಸ ಟ್ಯಾಪ್. ಹಲಸಿನಹಣ್ಣಿನ ಗೋಸೆ. ಒಂದೇ ಬ್ಯಾಚ್. ಮುಗಿದರೆ ಮುಗಿಯಿತು.’ ಕೊನೆಯ ಎರಡು ಮಾತುಗಳಲ್ಲಿ ಊರಿಗೆ ಬರಗಾಲ ಬಂದಷ್ಟು ಆತಂಕ. ಗೋಸೆ ಎಂದರೆ ಜರ್ಮನಿಯ ಕಡೆಯ ಹುಳಿ ಬಿಯರು. ಉಪ್ಪು, ಕೊತ್ತಂಬರಿ ಬೀಜ ಹಾಕಿ ಮಾಡುವಂಥದ್ದು. ಇದನ್ನು ಅವನು ಮನೆಯಲ್ಲೂ ವಿವರಿಸಿದ್ದುಂಟು. ಅವರಮ್ಮ ಹುರುಳಿಕಾಯಿ ಸೋಸುತ್ತಲೇ, ‘ಹುಳಿ, ಉಪ್ಪು, ಕೊತ್ತಂಬರಿ ಬೀಜ. ಒಗ್ಗರಣೆ ಯಾವಾಗ ಹಾಕ್ತಾರೆ?’ ಎಂದು ಕೇಳಿದರಂತೆ.

ಆ ತಾಯಿಯ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಒಮ್ಮೆ ನೊರೆರಾಯ ಊಟದ ಮೇಜಿನ ಮೇಲೆ ಯೀಸ್ಟಿನ ಪಾಠ ಶುರುಮಾಡಿದ. ಏಲ್ ಯೀಸ್ಟಿಗೆ ಹದಿನೆಂಟು ಇಪ್ಪತ್ತು ಡಿಗ್ರಿಯ ಹಿತವಾದ ಶಾಖ ಬೇಕು, ಲಾಗರ್ ಯೀಸ್ಟು ಹತ್ತು ಹನ್ನೆರಡು ಡಿಗ್ರಿಯ ಚಳಿಯಲ್ಲೂ ಸಾವಕಾಶವಾಗಿ ಕೆಲಸ ಮಾಡುತ್ತದೆ, ಹುದುಗುವಾಗ ಉಷ್ಣತೆ ತಪ್ಪಿದರೆ ರುಚಿಯೇ ತಪ್ಪುತ್ತದೆ, ಇತ್ಯಾದಿ. ಅಷ್ಟೂ ಹೊತ್ತು ಅವರಮ್ಮ ದೋಸೆಹಿಟ್ಟಿನ ಪಾತ್ರೆಗೆ ಹಳೇ ಉಣ್ಣೆಯ ಶಾಲು ಸುತ್ತುತ್ತಿದ್ದರು. ಡಿಸೆಂಬರ್ ತಿಂಗಳು. ಆ ಕೆಲಸಕ್ಕೆ ಅವರು ಯಾರ ಪಾಠವನ್ನೂ ಕೇಳಿದವರಲ್ಲ.

ಶನಿವಾರ ಹನ್ನೆರಡಕ್ಕೆ ಅವನು ಹತ್ತು ನಿಮಿಷ ಮೊದಲೇ ಬ್ರೂವರಿಯ ಬಾಗಿಲಲ್ಲಿರುತ್ತಾನೆ. ಒಳಗೆ ಕುರ್ಚಿಗಳನ್ನು ಇನ್ನೂ ಮೇಜಿನಿಂದ ಇಳಿಸಿರುವುದಿಲ್ಲ. ಮರದ ಹಲಗೆಯಲ್ಲಿ ಆರು ಪುಟ್ಟ ಗ್ಲಾಸುಗಳ ಸ್ಯಾಂಪ್ಲರ್ ಬರುತ್ತದೆ, ಎಡದಿಂದ ಬಲಕ್ಕೆ ತಿಳಿಯಿಂದ ಕಪ್ಪಿಗೆ. ಯಾರೂ ಮುಟ್ಟುವಂತಿಲ್ಲ. ಮೊದಲು ಫೋಟೋ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಬಣ್ಣದ ಪರೀಕ್ಷೆ. ಆಮೇಲೆ ಗ್ಲಾಸನ್ನು ಗಿರಗಿರ ತಿರುಗಿಸಿ ಮೂಗು ಒಳಗಿಟ್ಟು ದೀರ್ಘ ಶ್ವಾಸ. ಗೋಧಿ ಬಿಯರಿನಲ್ಲಿ ಬಾಳೆಹಣ್ಣಿನ ಘಮವೂ ಲವಂಗದ ಘಮವೂ ಬರಬೇಕು, ಎರಡನ್ನೂ ಹಾಕಿರುವುದಿಲ್ಲ, ಎಲ್ಲ ಆ ಯೀಸ್ಟಿನದೇ ಚಮತ್ಕಾರ. ಇದು ನಿಜ. ಆದರೆ ‘ಬಾಳೆಹಣ್ಣು ಬಂತಾ? ಲವಂಗ ಬಂತಾ?’ ಎಂದು ಅವನು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳುವಾಗ, ಮಗ್ಗಿ ಮರೆತ ಹುಡುಗರಂತೆ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ‘ಬಂತು ಬಂತು’ ಎನ್ನುತ್ತೇವೆ. ಅಷ್ಟರಲ್ಲಿ ಯಾರೋ ಮಸಾಲೆ ಕಡಲೆಕಾಯಿ ಹೇಳಿದರೋ, ಮುಗಿಯಿತು. ಈರುಳ್ಳಿ ಮೆಣಸಿನಕಾಯಿ ಬಾಯಿಗೆ ಬಿದ್ದರೆ ನಾಲಿಗೆ ಸತ್ತಂತೆ. ಆರನೆಯ ಗ್ಲಾಸಿನವರೆಗೆ ಉಪವಾಸ.

ಈ ಸ್ವಭಾವ ಬೆಂಗಳೂರಿಗೆ ಹೊಸದೇನಲ್ಲ. ಇವನ ತಾತ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಗಳಲ್ಲಿ ಮುಂದಿನ ಸಾಲಿನ ಗಿರಾಕಿ. ತೊಡೆಯ ಮೇಲೆ ತಾಳ ಹಾಕುತ್ತ, ಎಂಥ ವಿದ್ವಾಂಸರು ಹಾಡಿದರೂ ಕೊನೆಗೆ ‘ಶಂಕರಾಭರಣ ಇನ್ನೂ ಕೂತಿಲ್ಲ’ ಎಂದು ಎದ್ದು ಬರುತ್ತಿದ್ದರಂತೆ. ಮೊಮ್ಮಗ ಮಬ್ಬು ಮಬ್ಬಾದ ಐಪಿಎ ಬಿಯರಿನ ಗ್ಲಾಸನ್ನು ಕೆಳಗಿಟ್ಟು ‘ಇನ್ನೂ ಕೂತಿಲ್ಲ’ ಎನ್ನುತ್ತಾನೆ. ಅದೇ ಕುತ್ತಿಗೆ, ಅದೇ ಅಲ್ಲಾಟ. ತಾತ ಹಾಡಿದವರಲ್ಲ, ಮೊಮ್ಮಗ ಬಿಯರ್ ಮಾಡುವ ಟ್ಯಾಂಕಿನ ಹತ್ತಿರ ಸುಳಿದವನಲ್ಲ. ಒಂದೇ ವ್ಯತ್ಯಾಸ: ತಾತನ ಕಾಲದಲ್ಲಿ ಕಛೇರಿಯ ಹೊರಗೆ ಬಜ್ಜಿ ತಿನ್ನಲು ಯಾರ ಅಡ್ಡಿಯೂ ಇರಲಿಲ್ಲ.

ಚರಿತ್ರೆಯಲ್ಲಿ ಮಾತ್ರ ಅವನನ್ನು ಅಲ್ಲಾಡಿಸಲಾಗದು. ಯುಬಿ ಸಿಟಿಯ ಮುಂದೆ ಕಾರು ನಿಧಾನವಾದರೆ ಸಾಕು. ‘ಈ ಅಂಗಡಿ ಮುಂಗಟ್ಟು ಬಿಡು, ಇಲ್ಲಿ ಬಿಯರ್ ಕುದೀತಿತ್ತು. ಥಾಮಸ್ ಲೀಶ್‌ಮನ್ ಅನ್ನೋನು 1915ರಲ್ಲಿ ದಕ್ಷಿಣದ ಐದು ಬ್ರೂವರಿ ಸೇರಿಸಿ ಯುನೈಟೆಡ್ ಬ್ರೂವರೀಸ್ ಮಾಡಿದ. 1947ರಲ್ಲಿ ವಿಠಲ ಮಲ್ಯ ನಿರ್ದೇಶಕರಾದರು. 2021ರಲ್ಲಿ ಹಿಡಿತ ಡಚ್ಚರ ಹೈನೆಕೆನ್‌ಗೆ ಹೋಯ್ತು.’ ಸಿಗ್ನಲ್ ಹಸಿರಾಗುವುದರೊಳಗೆ ನೂರು ವರ್ಷ ಮುಗಿದಿರುತ್ತದೆ. ಆಮೇಲೆ ಅವನ ದೃಷ್ಟಿಯಲ್ಲಿ ಹೊಸ ಯುಗವಾದ ಮೈಕ್ರೋಬ್ರೂವರಿಗಳ ಕಥೆ. 2010–11ರ ಸುಮಾರಿಗೆ ಇಂದಿರಾನಗರದ ಟಾಯ್ಟ್, ವಿಠಲ ಮಲ್ಯ ರಸ್ತೆಯ ಬಿಯೇರ್ ಕ್ಲಬ್. 2012ರಲ್ಲಿ ಅಮೆರಿಕದ ಮಿಷಿಗನ್ನಿನಿಂದ ಬಂದ ಆರ್ಬರ್. ಅತ್ತ ವೈಟ್‌ಫೀಲ್ಡಿನಲ್ಲಿ ಪುಸ್ತಕದ ಕಪಾಟು, ಜಾಸ್ ವೇದಿಕೆ ಸಮೇತ ವಿಂಡ್‌ಮಿಲ್ಸ್. ಇವರಲ್ಲಿ ಮೊದಲಿಗರು ಯಾರು ಎಂಬ ಪ್ರಶ್ನೆಯನ್ನು ಅವನ ಮುಂದೆ ಎತ್ತಬೇಡಿ. ನಾನೊಮ್ಮೆ ಎತ್ತಿ ರಾತ್ರಿಯ ಊಟ ತಪ್ಪಿಸಿಕೊಂಡಿದ್ದೇನೆ.

ಅವನ ಅಭಿರುಚಿಯ ಪಯಣವನ್ನು ಹತ್ತಿರದಿಂದ ನೋಡಿದವರಿಗೆ ಬೇರೆ ಮನರಂಜನೆ ಬೇಡ. ಮೊದಲು ಮೈಸೂರಿನ ಹಾಸ್ಟೆಲ್ ಕೋಣೆಯಲ್ಲಿ ನಾಲ್ವರು ಹಂಚಿಕೊಂಡ ಕಿಂಗ್‌ಫಿಷರ್ ಬಾಟಲಿ. ಇದನ್ನು ಅವನು ಎಂದೂ ಹೇಳಿಕೊಳ್ಳುವುದಿಲ್ಲ. ಸಹಪಾಠಿಯೊಬ್ಬನಿಂದ ಹೊರಬಿದ್ದ ರಹಸ್ಯ. ಆಮೇಲೆ ಕ್ರಾಫ್ಟ್ ಬಿಯರ್ ಬಂತು, ಗೋಧಿ ಬಿಯರಿನ ಭಕ್ತನಾದ. ಬೆಲ್ಜಿಯಮ್ಮಿನ ಹೂಗಾರ್ಡನ್ ಎಂಬ ಊರಿನಲ್ಲಿ ಸತ್ತೇಹೋಗಿದ್ದ ಬಿಳಿ ಬಿಯರಿಗೆ ಪಿಯರ್ ಸೆಲಿಸ್ ಎಂಬ ಹಾಲು ಮಾರುವವರ ಮನೆಯ ಮನುಷ್ಯ 1960ರ ದಶಕದಲ್ಲಿ ಮರುಜೀವ ಕೊಟ್ಟ ಕಥೆಯನ್ನು ಹರಿಕಥೆಯಂತೆ ಹೇಳುತ್ತಿದ್ದ. ಬರಬರುತ್ತ ಎಲ್ಲರೂ ಗೋಧಿ ಬಿಯರ್ ಕುಡಿಯತೊಡಗಿದರು. ಅವನಿಗೆ ಅದು ಸಪ್ಪೆಯಾಯಿತು. ಆಗ ಹಾಪ್ಸ್ ಹೂವಿನ ಕಹಿ ತುಂಬಿದ ಐಪಿಎ. ಹಾಪ್ಸು ಬಿಯರು ಕೆಡದಂತೆ ಕಾಯುತ್ತದೆ, ಇಂಗ್ಲೆಂಡಿನಿಂದ ಇಂಡಿಯಾಕ್ಕೆ ತಿಂಗಳುಗಟ್ಟಲೆ ಹಡಗಿನಲ್ಲಿ ಬರುವ ಬಿಯರಿಗೆ ಅದನ್ನು ಧಾರಾಳ ಸುರಿಯುತ್ತಿದ್ದರು ಎಂದು ನಮಗೆ ತಿಳಿದದ್ದು ಆ ಕಾಲದಲ್ಲೇ. ಎಷ್ಟು ಕಹಿಯೋ ಅಷ್ಟು ಜ್ಞಾನ. ಮುಂದೆ ಕಹಿಯೂ ಸಾಮಾನ್ಯರ ಪಾಲಾಯಿತು. ಆಗ ಹುಳಿ.

ಈಗ ಏನು ಗೊತ್ತೇ? ಲಾಗರ್. ‘ಒಳ್ಳೇ ಲಾಗರ್ ಮಾಡೋದೇ ಕಷ್ಟ. ಏಲ್ ಎರಡು ವಾರಕ್ಕೆ ರೆಡಿ, ಲಾಗರಿಗೆ ತಿಂಗಳುಗಟ್ಟಲೆ ಟ್ಯಾಂಕು ಕಟ್ಟಿಹಾಕ್ಬೇಕು. ಹಣ್ಣಿಲ್ಲ, ಮಸಾಲೆಯಿಲ್ಲ, ತಪ್ಪು ಮುಚ್ಚಿಡೋಕೆ ಜಾಗ ಇಲ್ಲ. 1842ರಲ್ಲಿ ಪಿಲ್ಸೆನ್ ಊರಲ್ಲಿ ಯೋಸೆಫ್ ಗ್ರೋಲ್ ಮಾಡಿದ್ದು ಇದನ್ನೇ.’ ಹೊಂಬಣ್ಣದ, ತಿಳಿಯಾದ, ತಣ್ಣನೆಯ ಗ್ಲಾಸನ್ನು ಎತ್ತಿ ಹಿಡಿದು ಅವನು ಭಾವುಕನಾಗುತ್ತಾನೆ. ಮೇಜಿನ ಆ ತುದಿಯಿಂದ ಯಾರೋ ಕೇಳಿದರು:

‘ಹಂಗಾದ್ರೆ ಕಿಂಗ್‌ಫಿಷರೂ ಲಾಗರೇ ಅಲ್ವಾ?’

‘ಅದು ಬೇರೆ.’

ಹೇಗೆ ಬೇರೆ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹಾಸ್ಟೆಲಿನಿಂದ ಹೊರಟು ಜರ್ಮನಿ, ಬೆಲ್ಜಿಯಂ, ಅಮೆರಿಕ ಸುತ್ತಿ, ದುಡ್ಡು ಖರ್ಚು ಮಾಡಿಕೊಂಡು ಮನುಷ್ಯ ಹಾಸ್ಟೆಲಿನ ಪಕ್ಕದ ಬೀದಿಗೆ ಬಂದು ನಿಂತಿದ್ದ.

ರಾಗಿ ಬಿಯರಿನ ದಿನವನ್ನೂ ಹೇಳದಿದ್ದರೆ ಈ ಚಿತ್ರ ಪೂರ್ತಿಯಾಗದು. ಈಚೆಗೆ ನಮ್ಮ ಬ್ರೂವರಿಗಳಿಗೆ ನೆಲದ ನಂಟು ಹತ್ತಿದೆ. ರಾಗಿ, ಮಾವು, ಹಲಸು, ಕೋಕಂ, ಚಿಕ್ಕಮಗಳೂರಿನ ಕಾಫಿ ಬೀಜ ಹಾಕಿದ ಕಪ್ಪು ಸ್ಟೌಟ್, ಎಲ್ಲವೂ ಸರದಿಯ ಮೇಲೆ ಟ್ಯಾಪಿಗೆ ಬರುತ್ತವೆ. ಮುದ್ದೆ ಬಡಿಸಿದರೆ ತಟ್ಟೆ ದೂಡುತ್ತಿದ್ದ ನೊರೆರಾಯ ಅಂದು ರಾಗಿಯ ಮಣ್ಣಿನ ಘಮದ ಬಗ್ಗೆ ಗದ್ಗದಿತನಾಗಿ ಮಾತಾಡಿದ. ರಾಗಿಯಿಂದ ಬಿಯರ್ ಎಂಬ ಕಲ್ಪನೆಯೇ ಕ್ರಾಂತಿ ಎಂದ. ಗ್ಲಾಸು ಎತ್ತಿಡಲು ಬಂದ ವೇಟರ್ ಹುಡುಗ ಸಿಕ್ಕಿಮಿನವನು. ಬೆಂಗಳೂರಿಗೆ ಬಂದು ವರ್ಷಗಳಾಗಿ ಕನ್ನಡ ಚೆನ್ನಾಗಿಯೇ ಬರುತ್ತದೆ. ‘ಸರ್, ನಮ್ಮೂರಲ್ಲಿ ಅಜ್ಜಿ ಮಾಡ್ತಾಳೆ. ತೊಂಗ್ಬಾ. ರಾಗಿ ಬೇಯಿಸಿ ಹುದುಗು ಹಾಕಿ ಇಡೋದು, ಆಮೇಲೆ ಬಿದಿರಿನ ಪಾತ್ರೆಗೆ ಹಾಕಿ ಬಿಸಿನೀರು ಹೊಯ್ದು ಕೊಳವೆಯಲ್ಲಿ ಕುಡಿಯೋದು. ಚಳಿಗೆ ಒಳ್ಳೇದು’ ಎಂದು ಹೇಳಿ ಹಲಗೆ ಎತ್ತಿಕೊಂಡು ಹೋದ. ನೊರೆರಾಯ ಸ್ವಲ್ಪ ಹೊತ್ತು ಸುಮ್ಮನಿದ್ದು, ಫೋನಿನಲ್ಲಿ ತೊಂಗ್ಬಾ ಎಂದು ಹುಡುಕಿದ. ಮುಂದಿನ ಗುರುವಾರದ ಬುಲೆಟಿನ್ನಿನಲ್ಲಿ ತೊಂಗ್ಬಾದ ಮೇಲೆ ನಾಲ್ಕು ಪ್ಯಾರಾ ಉಪನ್ಯಾಸವಿತ್ತು. ಹುಡುಗನ ಹೆಸರಿರಲಿಲ್ಲ, ಅಜ್ಜಿಯ ಹೆಸರಂತೂ ಇಲ್ಲವೇ ಇಲ್ಲ.

ಇಷ್ಟು ಆಡಿಕೊಂಡ ಮೇಲೆ ನ್ಯಾಯವಾಗಿ ಹೇಳಬೇಕಾದ್ದೂ ಒಂದಿದೆ. ನಮ್ಮಲ್ಲಿ ಕೆಲವರಿಗೆ ಅವನದು ಬರೀ ಬಾಯಿಪಾಠ ಎಂಬ ಗುಮಾನಿಯಿತ್ತು. ಒಂದು ಟೇಸ್ಟಿಂಗಿನಲ್ಲಿ ಬ್ರೂವರನೇ ಗಂಬೂಟು ಹಾಕಿಕೊಂಡು ಹೊರಬಂದ. (ಈ ಬ್ರೂವರುಗಳನ್ನು ಕೇಳಿ ನೋಡಿ, ಬಿಯರ್ ಮಾಡುವುದಕ್ಕಿಂತ ಟ್ಯಾಂಕು ತೊಳೆಯುವುದೇ ತಮ್ಮ ಉದ್ಯೋಗ ಎನ್ನುತ್ತಾರೆ.) ಹೆಸರು ಹೇಳದೆ ಐದು ಗ್ಲಾಸು ಮುಂದಿಟ್ಟ. ನಾವೆಲ್ಲ ಮೊಣಕೈ ತಿವಿದುಕೊಂಡು ಕಾದೆವು, ಇವತ್ತು ಪಂಡಿತರ ಬಣ್ಣ ಬಯಲು ಎಂದು. ನೊರೆರಾಯ ಐದನ್ನೂ ಸರಿಯಾಗಿ ಗುರುತಿಸಿದ. ಅಷ್ಟಕ್ಕೇ ನಿಲ್ಲದೆ ಮೂರನೆಯದನ್ನು ಮತ್ತೊಮ್ಮೆ ಮೂಸಿ, ‘ಇದರಲ್ಲಿ ಬೆಣ್ಣೆ ವಾಸನೆ ಇದೆ. ಪೈಪು ತೊಳೆದು ಎಷ್ಟು ದಿನ ಆಯ್ತು?’ ಎಂದ. ಬ್ರೂವರನ ಮುಖದ ನಗು ಹೋಯಿತು. ಪೈಪಿನಲ್ಲಿ ಕೊಳೆ ಕೂತರೆ ಬಿಯರಿಗೆ ಬೆಣ್ಣೆಯ ವಾಸನೆ ಹತ್ತುತ್ತದಂತೆ. ಅವನು ಒಳಗೆ ಹೋಗಿ ನೋಡಿ ಬಂದು ಆ ಟ್ಯಾಪನ್ನು ಬಂದ್ ಮಾಡಿಸಿದ. ನಮಗೆ ಯಾರಿಗೂ ಆ ವಾಸನೆ ಬಂದಿರಲಿಲ್ಲ. ನಾವು ಆ ಗ್ಲಾಸನ್ನೇ ಎರಡನೇ ಸಲ ಕೇಳಿ ತರಿಸಿಕೊಂಡಿದ್ದೆವು.

ಅಂದಮೇಲೆ ನಾಲಿಗೆ ಅಸಲಿ. ಆದರೆ ಅಂದೂ ಅವನು ಐದರಲ್ಲಿ ಯಾವೊಂದನ್ನೂ ಪೂರ್ತಿ ಕುಡಿಯಲಿಲ್ಲ. ಎಂದೂ ಕುಡಿಯುವುದಿಲ್ಲ. ಎರಡು ಗುಟುಕು, ಒಂದು ಟಿಪ್ಪಣಿ, ಗ್ಲಾಸು ಪಕ್ಕಕ್ಕೆ. ಉಳಿದದ್ದು ನಮ್ಮ ಪಾಲು. ಅವನಿಗೆ ಅಮಲೇರಿದ್ದನ್ನು ಕಂಡವರಿಲ್ಲ, ತೂರಾಡಿದ್ದನ್ನು ಕಂಡವರಿಲ್ಲ, ಹಳೇ ಹಾಡು ಗುನುಗಿದ್ದನ್ನಂತೂ ಕನಸಿನಲ್ಲೂ ಕಂಡವರಿಲ್ಲ. ಮೈಕ್ರೋಬ್ರೂವರಿಯ ಬಿಯರನ್ನು ಅಲ್ಲೇ ಕೂತು ಕುಡಿಯಬೇಕು, ಮನೆಗೆ ಒಯ್ಯುವಂತಿಲ್ಲ ಎಂದಿದ್ದ ಸರ್ಕಾರ 2020ರ ಲಾಕ್‌ಡೌನಿನಲ್ಲಿ ಪಾರ್ಸೆಲ್ಲಿಗೆ ತಾತ್ಕಾಲಿಕವಾಗಿ ಒಪ್ಪಿಗೆ ಕೊಟ್ಟಿತ್ತು. ಆಗ ಅವನೂ ತುಂಬಿದ ಜಾಡಿ ಹಿಡಿದು ಮನೆಗೆ ಹೋದ. ಮರುದಿನ ಫೋನು ಮಾಡಿ, ‘ರುಚಿ ಸರಿಯಾಗೇ ಇತ್ತು ಕಣೋ. ಆದ್ರೆ ಹೇಳೋಕೆ ಯಾರೂ ಇರ್ಲಿಲ್ಲ’ ಎಂದ. ಅವನ ಬಾಯಿಂದ ನಾನು ಕೇಳಿದ ಅತ್ಯಂತ ಪ್ರಾಮಾಣಿಕ ವಿಮರ್ಶೆ ಅದು.

ಇನ್ನು ನಿಮಗೊಂದು ಮಾತು. ನಿಮ್ಮ ಆಫೀಸಿನ ನೊರೆರಾಯ ಕರೆದರೆ ಖಂಡಿತ ಹೋಗಿ. ಎಲ್ಲಿ ಪೈಪು ತೊಳೆದಿದ್ದಾರೆ, ಎಲ್ಲಿ ತೊಳೆದಿಲ್ಲ ಎಂಬುದು ಅವನಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ. ಗಾಡಿ ಮನೆಯಲ್ಲೇ ಬಿಡಿ, ಇಂದಿರಾನಗರಕ್ಕೆ ಮೆಟ್ರೋ ಇದೆ. ಹೊಟ್ಟೆ ತುಂಬ ಉಂಡು ಹೊರಡಿ, ಕಡಲೆಕಾಯಿಯ ಆಸೆ ಇಟ್ಟುಕೊಳ್ಳಬೇಡಿ. ಬಿಲ್ಲು ಬಂದಾಗ ಸಂಕೋಚವಿಲ್ಲದೆ ಸಮಪಾಲು ಮಾಡಿ; ಎಲ್ಲರಿಗಿಂತ ಕಡಿಮೆ ಕುಡಿದ ಅವನು ತನ್ನ ಪಾಲನ್ನು ಎಲ್ಲರಿಗಿಂತ ಮೊದಲು ಕೊಡುತ್ತಾನೆ.