ಕರದಂಟು ಸಿದ್ಧಾಂತ: ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಕರಮೀಮಾಂಸೆ

ಪೀಠಿಕೆ

ಇತ್ತೀಚೆಗೆ ಒಂದು ತೆರಿಗೆ ಅರಿವು ಕಾರ್ಯಾಗಾರದಲ್ಲಿ ಮೂರು ತಾಸು ಕೂತಿದ್ದೆ. ಉಪನ್ಯಾಸಕರು ‘ಸ್ಥಳೀಯ ಸಂಪನ್ಮೂಲ ಕ್ರೋಢೀಕರಣದ ಬಹು ಆಯಾಮಗಳು’ ಎಂದು ಶುರು ಮಾಡಿದವರು ಊಟದ ತನಕ ಆಯಾಮಗಳಿಂದ ಹೊರಗೆ ಬರಲಿಲ್ಲ. ಮನೆಪಟ್ಟಿ ಎಷ್ಟು, ಯಾವಾಗ ಕಟ್ಟಬೇಕು ಎಂದು ಒಬ್ಬರು ಕೇಳಿದ್ದಕ್ಕೆ ‘ಅದು ಪ್ರಾಯೋಗಿಕ ವಿಷಯ’ ಎಂದರು. ಶಾಸ್ತ್ರದ ಆ ಕೊರತೆಯನ್ನು ಇನ್ನಷ್ಟು ಶಾಸ್ತ್ರದಿಂದ ತುಂಬಲು ಈ ಪ್ರಬಂಧ.

1. ನಿರುಕ್ತ

ಪಾಮರರು ಗೋಕಾಕದ ಕರದಂಟನ್ನು ‘ಕರಿದ ಅಂಟು’ ಎಂದು ಬಿಡಿಸಿ, ಬೆಲ್ಲ ಒಣಹಣ್ಣುಗಳೊಡನೆ ತಿಂದು ಮುಗಿಸುತ್ತಾರೆ. ಇದು ನಾಲಿಗೆ ಮಾಡಿದ ದೋಷ. ಸರಿಯಾದ ವಿಗ್ರಹವಾಕ್ಯ: ಕರದ ಅಂಟು, ಕರದಂಟು, ಷಷ್ಠೀ ತತ್ಪುರುಷ. ಎಷ್ಟು ಜಗಿದರೂ ಹಲ್ಲಿನ ಸಂದಿಯಲ್ಲಿ ಬಾಕಿ ಉಳಿಯುವುದು ಇದರ ಲಕ್ಷಣ. ಆ ಬಾಕಿಗೆ ಬಡ್ಡಿ ಬೇರೆ.

2. ವರ್ಗೀಕರಣ

ಕರಗಳು ಐದು: ಗೃಹಾವಲಂಬಿ, ವೃತ್ತ್ಯವಲಂಬಿ, ದೀಪಾವಲಂಬಿ, ಚಕ್ರಾವಲಂಬಿ, ನಿರವಲಂಬಿ.

(ಅ) ಗೃಹಾವಲಂಬಿ. 1964ರ ಪುರಸಭೆಗಳ ಕಾಯ್ದೆಯಂತೆ ಬರುವ ಇದನ್ನು ಜನ ‘ಮನಿ ಪಟ್ಟಿ’ ಎನ್ನುತ್ತಾರೆ. ಮಾಲೀಕನೇ ತನ್ನ ಮನೆ ಅಳೆದು, ಮಾರ್ಗಸೂಚಿ ಬೆಲೆ ಹುಡುಕಿ, ಸವಕಳಿ ಕಳೆದು, ತನ್ನ ಮೇಲೆ ತಾನೇ ಕರ ಹೇರಿಕೊಳ್ಳಬೇಕು. ಏಪ್ರಿಲಿನೊಳಗೆ ಹೇರಿಕೊಂಡವನಿಗೆ ನೂರಕ್ಕೆ 5 ರಿಯಾಯಿತಿ. ಕರಕ್ಕೆ ಮರಿಗಳೂ ಉಂಟು: ಆರೋಗ್ಯ ಉಪಕರ 15, ಗ್ರಂಥಾಲಯಕ್ಕೆ 6, 1975ರ ಕಾಯ್ದೆಯ ಭಿಕ್ಷುಕರ ಉಪಕರ 3. ನೂರು ರೂಪಾಯಿಯ ತಾಯಿ ಮರಿ ಹಾಕಿ 124 ಆಗುತ್ತಾಳೆ. ವಿದ್ವಾಂಸರಲ್ಲಿ ಒಂದು ಜಿಜ್ಞಾಸೆ: ಆಸ್ತಿ ದಾಖಲೆಗಾಗಿ ‘ನಮೂನೆ-3 ಕೊಡ್ರೀ’ ಎಂದು ಒಂದೇ ಕೌಂಟರಿನ ಮುಂದೆ ಆರು ಸಲ ಕೈಚಾಚಿದವನು ಕೊನೆಯ ಉಪಕರವನ್ನು ತೆರುವವನೋ, ಅದರ ಫಲಾನುಭವಿಯೋ? ಊರ ಗಡಿ ದಾಟಿ ಗ್ರಾಮ ಪಂಚಾಯಿತಿಗೆ ಹೋದರೆ ಬೇಡುವ ಕೈ ಅದೇ. ನಮೂನೆ ಮಾತ್ರ 9 ಮತ್ತು 11.

(ಆ) ವೃತ್ತ್ಯವಲಂಬಿ. ತಿಂಗಳಿಗೆ 25,000 ಅಥವಾ ಹೆಚ್ಚು ಸಂಬಳವಿದ್ದವನು ದುಡಿದ ತಪ್ಪಿಗೆ 200 ವೃತ್ತಿ ತೆರಿಗೆ ತೆರುತ್ತಾನೆ. ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500ರ ಗೆರೆ ಎಳೆದಿದೆ. ಹನ್ನೆರಡು ಇನ್ನೂರು 2,400. ಗೆರೆಯ ಈಚೆ ನೂರು ರೂಪಾಯಿ ಅನಾಥವಾಗಿ ಬಿದ್ದಿತ್ತು. 2025ರಲ್ಲಿ ಅದನ್ನು ಕಂಡು ಮರುಗಿದ ಸರ್ಕಾರ ಫೆಬ್ರುವರಿಗೆ 300 ಮಾಡಿತು. ದಿನ ಕಮ್ಮಿಯಿರುವ ತಿಂಗಳಿಗೇ ಕರ ಜಾಸ್ತಿ.

(ಇ) ದೀಪಾವಲಂಬಿ. ಹುಕ್ಕೇರಿ ತಾಲ್ಲೂಕಿಗೆ 1969ರಿಂದ ತನ್ನದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ; ನಾಡಿನಲ್ಲೇ ಅಪರೂಪ. ಬಿಲ್ಲಿನ ಕೆಳಗೆ ನೂರಕ್ಕೆ 9 ವಿದ್ಯುತ್ ತೆರಿಗೆ ಮಾತ್ರ ಎಲ್ಲರ ಹಾಗೇ. ಕರೆಂಟು ಸಹಕಾರದ್ದು, ಕರ ಸರ್ಕಾರದ್ದು.

(ಈ) ಚಕ್ರಾವಲಂಬಿ. ಮೂಡಲಗಿಯ ಕಬ್ಬಿನ ರೈತ ಆದಾಯ ತೆರಿಗೆ ಕಟ್ಟುವುದಿಲ್ಲವೆಂದು ಪೇಟೆಯವರಿಗೆ ಹೊಟ್ಟೆಕಿಚ್ಚು. ಅವನ ಟ್ರ್ಯಾಕ್ಟರ್ ಕುಡಿಯುವ ಡೀಸೆಲ್‌ಗೆ 2025ರ ಏಪ್ರಿಲಿನಿಂದ ರಾಜ್ಯದ ಮಾರಾಟ ತೆರಿಗೆ ನೂರಕ್ಕೆ 21.17. ಇದನ್ನು ವಸೂಲು ಮಾಡಲು ಯಾರೂ ರಸ್ತೆಯಲ್ಲಿ ಕೂರಬೇಕಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಟನ್ ಕಬ್ಬಿಗೆ 3,500 ಕೊಡಿ ಎಂದು ಕೇಳಲು ಮಾತ್ರ ರೈತರು ಅದೇ ತಾಲ್ಲೂಕಿನ ಗುರ್ಲಾಪುರದಲ್ಲಿ ಹಗಲೂ ರಾತ್ರಿ ರಸ್ತೆಯಲ್ಲೇ ಕೂರಬೇಕಾಯಿತು.

(ಉ) ನಿರವಲಂಬಿ. ಯಾವುದನ್ನೂ ಅವಲಂಬಿಸದ ಕರ. ಇಲ್ಲೊಂದು ತಮಾಷೆ ಬರೆಯಬೇಕೆಂದಿದ್ದೆ. ಆಗುತ್ತಿಲ್ಲ.

2019ರ ಆಗಸ್ಟಿನಲ್ಲಿ ಘಟಪ್ರಭೆ ಏರಿ ಬಂದಾಗ ಹೊಳೆದಂಡೆಯ ಮನೆಗಳು ಉಪ್ಪಿನ ಹಾಗೆ ಕರಗಿದವು. ಮುಂದೊಂದು ದಿನ ಒಂದು ಕಚೇರಿಯ ಸರತಿಯಲ್ಲಿ ನನ್ನ ಮುಂದಿದ್ದ ಆಯಿ ಕೇಳಿದಳು: ‘ಮನಿ ಹೊಳ್ಯಾಗ ಹೋತು ತಮ್ಮಾ, ಪಟ್ಟಿ ಹೆಂಗ ದಂಡಿಮ್ಯಾಗ ಉಳೀತು?’

‘ದಾಖಲೆದಾಗ ಮನಿ ಐತಿ, ಆಯಿ.’

ಉತ್ತರ ಅಷ್ಟೇ. ಅರ್ಜಿ ಯಾರಿಗೆ ಕೊಡಬೇಕು, ಯಾವ ಕಾಗದ ಜೋಡಿಸಬೇಕು ಎಂದು ಒಬ್ಬರೂ ಹೇಳಲಿಲ್ಲ. ಕಾರ್ಯಾಗಾರದ ಆಯಾಮಗಳೆಲ್ಲ ಆ ಹೊತ್ತಿಗೆ ಎಲ್ಲಿ ಸತ್ತಿದ್ದವು? ಕರ ಕೊಡಲು ನಮ್ಮ ಜನ ಅಳುವವರಲ್ಲ. ಲಕ್ಷ್ಮೀ ಜಾತ್ರೆಗೆ ಪಟ್ಟಿ ಎತ್ತಿದರೆ ಸಾಲ ಮಾಡಿಯಾದರೂ ಕೊಡುತ್ತಾರೆ. ಜಾತ್ರೆ ಮುಗಿದ ಮೇಲೆ ಗುಡಿಯ ಕಟ್ಟೆಯಲ್ಲಿ ಎಣ್ಣೆಗೆಷ್ಟು, ಹೂವಿಗೆಷ್ಟು ಎಂದು ಗಟ್ಟಿಯಾಗಿ ಓದುತ್ತಾರೆ. ಜಗಳವಾಗುತ್ತದೆ, ನಿಜ. ಆದರೆ ಅಕ್ಷರ ಬಾರದವರಿಗೂ ಲೆಕ್ಕ ಕಿವಿಗೆ ಬೀಳುತ್ತದೆ.

ಪ್ರಬಂಧಕ್ಕೆ ಉಪಸಂಹಾರ ಬೇಕಂತೆ. ಆಯಿ ಸೆರಗಿನ ಗಂಟು ಬಿಚ್ಚಿ ರೊಕ್ಕ ಕಟ್ಟಿದಳು. ಹೊರಗೆ ಬಂದು ಕಾಗದ ನನ್ನ ಕೈಗಿಟ್ಟಳು: ‘ಏನ್ ಬರದಾರ, ಓದು.’ ಹೆಸರು ಓದಿದೆ. ಓಣಿಯ ಹೆಸರು ಓದಿದೆ. ಮನೆ ಇಷ್ಟು ಅಡಿ ಉದ್ದ, ಇಷ್ಟು ಅಡಿ ಅಗಲ ಎಂದು ಓದಿದೆ.

ಆಯಿ ತಲೆಯಾಡಿಸಿದಳು. ‘ಹೌದು, ಅಷ್ಟ ಇತ್ತು.’