ಡಿಪಿರಾಯರು

ನಮ್ಮ ಅಪಾರ್ಟ್‌ಮೆಂಟಿನ ಡಿಪಿರಾಯರ ಅಸಲಿ ಹೆಸರು ಈಗ ಯಾರಿಗೂ ನೆನಪಿಲ್ಲ. ನೀವೂ ಅವರನ್ನು ಲಿಂಕ್ಡ್‌ಇನ್‌ನಲ್ಲಿ ನೋಡಿರುತ್ತೀರಿ: ನೀಲಿ ಬ್ಲೇಜರ್, ಎದೆಗೆ ಕಟ್ಟಿದ ಕೈ, ಹಿಂದೆ ಮಸುಕುಮಸುಕಾದ ಗಾಜಿನ ಕಟ್ಟಡ, ಇಂಕ್ರಿಮೆಂಟ್ ಈಗಷ್ಟೇ ಕೈಸೇರಿದಂಥ ಮುಗುಳ್ನಗೆ.

1997ರಲ್ಲಿ ಅಮೆರಿಕದ ಟಾಮ್ ಪೀಟರ್ಸ್ ಎಂಬಾತ, ಪ್ರತಿಯೊಬ್ಬನೂ ಒಂದು ಬ್ರ್ಯಾಂಡು ಎಂದು ಪತ್ರಿಕೆಯೊಂದರಲ್ಲಿ ಬರೆದ. ರಾಯರಿಗೆ ಅದು ತಡವಾಗಿ ತಲುಪಿತು, ಆದರೆ ನೇರ ತಲೆಗೇ ತಲುಪಿತು. ಮುಖವೊಂದನ್ನು ಸೆಕೆಂಡಿನ ಹತ್ತನೇ ಒಂದು ಭಾಗ ಕಂಡರೂ ಸಾಕು, ಆಸಾಮಿ ನಂಬಿಕಸ್ಥನೋ ಅಲ್ಲವೋ ಎಂದು ಜನ ತೀರ್ಮಾನಿಸಿಬಿಡುತ್ತಾರೆ ಎಂದು 2006ರಲ್ಲಿ ಪ್ರಿನ್ಸ್‌ಟನ್ನಿನ ಇಬ್ಬರು ಮನಶ್ಶಾಸ್ತ್ರಜ್ಞರು ತೋರಿಸಿಕೊಟ್ಟರು. ಆ ಚೂರು ಸೆಕೆಂಡಿನ ಸಲುವಾಗಿ ರಾಯರ ಭಾನುವಾರದ ಬೆಳಗೆಲ್ಲ ಕಬ್ಬನ್ ಪಾರ್ಕಿನ ಬಿದಿರುಮೆಳೆಯ ಬಳಿ ಕಳೆಯುತ್ತದೆ. ಮೊಬೈಲು ಹಿಡಿಯುವ ಕರ್ಮ ಹೆಂಡತಿಯದು.

“ರೀ, ಕಣ್ಣು ಬಿಡಿ.”

“ಬಿಟ್ಟೇ ಇದೀನಿ ಕಣೇ. ಇದು ದೂರದೃಷ್ಟಿ ಇರೋರ ನೋಟ.”

“ಹಾಗಾದ್ರೆ ಹೊಟ್ಟೆನಾದ್ರೂ ಒಳಗೆಳಕೊಳ್ಳಿ.”

“ಚಿತ್ರದಲ್ಲಿ ಶೇಕಡಾ 60 ಮುಖಾನೇ ಇರಬೇಕು ಅಂತ ಲಿಂಕ್ಡ್‌ಇನ್‌ನೋರೇ ಹೇಳಿದಾರೆ. ಹೊಟ್ಟೆ ಬರಲ್ಲ. ಮೇಲಾಗಿ ಡಿಪಿ ಇರೋದು ದುಂಡಗೆ.”

“ಹೊಟ್ಟೆನೂ ದುಂಡಗೇ ಇದೆಯಲ್ಲ, ಅದನ್ನೇ ಹಾಕ್ಬಿಡಿ.”

ಫೇಸ್‌ಬುಕ್ಕಿನಲ್ಲಿ 2015ರಲ್ಲಿ ಮುಖಕ್ಕೆ ತ್ರಿವರ್ಣ ಬಳಿದುಕೊಂಡವರಲ್ಲಿ ರಾಯರೂ ಇದ್ದರು. ನವೆಂಬರ್ ಒಂದರಂದು ಅವರು ತಪ್ಪದೆ ಹಳದಿ-ಕೆಂಪು. 2020ರಲ್ಲಿ ಲಿಂಕ್ಡ್‌ಇನ್‌ನಲ್ಲಿ ಕೆಲಸ ಹುಡುಕುವವರಿಗೆಂದು ಹಸಿರು ಬಳೆ ಬಂತು. ಬ್ಲೇಜರಿಗೆ ಒಪ್ಪುತ್ತದೆ ಎಂದು ಅದನ್ನೂ ತೊಟ್ಟುಕೊಂಡರು. ಮರುದಿನ ಮ್ಯಾನೇಜರ್ ಕರೆದು, “ಯಾವಾಗ ಬಿಡ್ತಿದೀರಿ?” ಎಂದು ಬಹಳ ಮರ್ಯಾದೆಯಿಂದ ಕೇಳಿದರಂತೆ. 2025ರ ಮಾರ್ಚಿನಲ್ಲಿ ಊರಿಗೆ ಊರೇ ಜಪಾನಿನ ಜಿಬ್ಲಿ ಸ್ಟುಡಿಯೋದ ಕಾರ್ಟೂನು ಆಗಿ ಕೂತಾಗ ರಾಯರು ಹಿಂದೆ ಬಿದ್ದಾರೆಯೇ? ಮಂಡ್ಯದಿಂದ ಅವರ ತಾಯಿ ಫೋನು ಮಾಡಿ, “ಮಗು ಮುದ್ದಾಗಿದೆ ಕಣೋ, ಯಾರದು?” ಎಂದು ವಿಚಾರಿಸಿದರು.

ಇಷ್ಟಾದರೂ ಡಿಪಿ ಎದ್ದು ಕಂಡಿತೇ ಅಂದರೆ, ಇಲ್ಲ. ಎದ್ದು ಕಾಣುವುದು ಹೇಗೆಂದು ಹೇಳಿಕೊಡುವವರೆಲ್ಲ ಎಲ್ಲರಿಗೂ ಅದೇ ಬ್ಲೇಜರು ತೊಡಿಸಿ ಅದೇ ಕೈ ಕಟ್ಟಿಸುತ್ತಾರೆ. ರಾಯರ ಆಫೀಸಿನ ಟೀಮಿನಲ್ಲಿ ಯಾರ ಡಿಪಿಯನ್ನು ಯಾರಿಗೆ ಅಂಟಿಸಿದರೂ ಸಂಬಳ ಸರಿಯಾಗಿಯೇ ಬರುತ್ತದೆ.

ಅದೇ ನಮ್ಮ ಹಾಲಿನವನನ್ನು ನೋಡಿ. ಅವನ ವಾಟ್ಸ್ಯಾಪಿನಲ್ಲಿರುವುದು ಅವನ ಸೀಮೆಹಸು, ಅದೂ ಅಡ್ಡಡ್ಡ ನಿಂತದ್ದು. ವೃತ್ತದೊಳಗೆ ಬಾಲ ಹಿಡಿಸಿಲ್ಲ. ಆದರೂ ನಂಬರು ಸೇವ್ ಮಾಡಿಕೊಳ್ಳದವರಿಗೂ ಅವನು ಯಾರೆಂದು ಗೊತ್ತು. ಹೂವಿನವಳದು ಒಂದು ಮೊರ ಮಲ್ಲಿಗೆ. ಪ್ಲಂಬರನದು ತನ್ನ ಫೋನ್ ನಂಬರೇ, ಕೆಂಪಕ್ಷರದಲ್ಲಿ. ನಮ್ಮ ದೊಡ್ಡಮ್ಮನದು ಮಂತ್ರಾಲಯದ ರಾಯರು. ಆ ರಾಯರ ಮುಂದೆ ಈ ರಾಯರ ಆಟ ನಡೆಯುವುದೂ ಇಲ್ಲ. ಇವರಲ್ಲಿ ಯಾರೂ ಟಾಮ್ ಪೀಟರ್ಸನನ್ನು ಓದಿಲ್ಲ. ನನ್ನನ್ನು ಕೇಳಿದರೆ, ಪರ್ಸನಲ್ ಬ್ರ್ಯಾಂಡಿಂಗಿನ ಮೊದಲ ಬಹುಮಾನ ಆ ಹಸುವಿಗೇ ಸಲ್ಲಬೇಕು.

ಮೊನ್ನೆ ರಾಯರು ಹೊಸ ನಂಬರಿನಿಂದ ಅಸೋಸಿಯೇಷನ್ನಿನ ಖಜಾಂಚಿಗೆ “ನಮಸ್ಕಾರ ಸಾರ್, ಒಂದೈದು ನಿಮಿಷ ಮಾತಾಡಬಹುದಾ?” ಎಂದು ಮೆಸೇಜು ಕಳಿಸಿದರು. ಕೇಳಬೇಕಿದ್ದದ್ದು ನೀರಿನ ಬಿಲ್ಲಿನ ವಿಷಯ. ಖಜಾಂಚಿ ಡಿಪಿ ನೋಡಿದರು, ಇನ್ಶೂರೆನ್ಸ್ ಏಜೆಂಟನಿರಬೇಕೆಂದು ಬ್ಲಾಕ್ ಮಾಡಿದರು.

ಹೊಸ ಫೋಟೋ ಈ ವಾರವೇ ಬರುತ್ತದಂತೆ. ಕನ್ನಡಕ ತೆಗೆದು ಕೈಯಲ್ಲಿ ಹಿಡಿದದ್ದು. ಕಂಡ ಕೂಡಲೇ ಲೈಕು ಒತ್ತಿ ಮುಂದೆ ಹೋಗಿ. ಒತ್ತದಿದ್ದವರಿಗೆ “ನೋಡಿದ್ರಾ?” ಎಂದು ರಾಯರೇ ಫೋನು ಮಾಡುತ್ತಾರೆ, ಅದು ಐದು ನಿಮಿಷಕ್ಕೆ ಮುಗಿಯುವ ಮಾತಲ್ಲ.